ಹಲ್ಲಿಗೆ ಹೋದವರು

"ಹತ್ತಿತು!" ಎಂದಳು ಹಲ್ಲಿಯಮ್ಮ.

ನಾನು ನೆಲದ ಮೇಲೆ ಬೋರಲು ಮಲಗಿದ್ದೆ. ಗಾಜಿನ ಪೆಟ್ಟಿಗೆಗೂ ನನ್ನ ಮೂಗಿಗೂ ನಡುವೆ ಎರಡು ಬೆರಳು ಅಂತರ. ಒಳಗಿದ್ದ ಹಲ್ಲಿಯೊಂದು ಗಾಜಿನ ಗೋಡೆಯನ್ನು ಸರಸರ ಹತ್ತಿ, ತನ್ನ ಬಿಳಿ ಹೊಟ್ಟೆಯನ್ನು ನನಗೆ ತೋರಿಸಿಕೊಂಡು ನಿಂತಿತು. ನನಗೆ ಹಲ್ಲಿ ಕಂಡರೆ ಆಗುವುದಿಲ್ಲ. ಪತ್ತೇದಾರಿಕೆಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ್ದೇನೆ, ಚಾಕು ಹಿಡಿದು ಬಂದವನನ್ನು ಕೂರಿಸಿ ಮಾತಾಡಿಸಿದ್ದೇನೆ, ಆದರೆ ಬಚ್ಚಲಲ್ಲಿ ಹಲ್ಲಿ ಇದ್ದರೆ ಇವತ್ತಿಗೂ ಅತ್ತೆಯನ್ನು ಕೂಗುತ್ತೇನೆ.

"ಹತ್ತಿದರೆ ಏನಾಯ್ತು? ಹಲ್ಲಿ ಗೋಡೆ ಹತ್ತದೆ ಇನ್ನೇನು ಏಣಿ ಹತ್ತುತ್ತಾ?" ಎಂದೆ.

"ನಮ್ಮದು ಹತ್ತಲ್ಲ ಮೇಡಂ. ಅದಕ್ಕೆ ಬೆರಳಡಿ ಗಾದಿ ಇರಲ್ಲ, ಬರೀ ಉಗುರು. ಗಾಜಿನ ಮೇಲೆ ಕಾಲಿಟ್ಟರೆ ಜಾರಿ ಬೀಳುತ್ತೆ ಪಾಪ. ಈ ನಾಲ್ಕೂ ನಮ್ಮವಲ್ಲ."

ಈ ಪ್ರಾಣಿಮನೆಯಲ್ಲಿದ್ದ ನಾಲ್ಕು ನೆಲಹಲ್ಲಿಗಳು ಮಾಯವಾಗಿ ಅವುಗಳ ಜಾಗದಲ್ಲಿ ನಾಲ್ಕು ಮನೆಹಲ್ಲಿಗಳು ಬಂದು ಕೂತಿದ್ದವು, ಇವತ್ತು ಸಂಜೆ ನಾಲ್ಕರೊಳಗೆ ಅವು ಸಿಗದಿದ್ದರೆ ಅವನ್ನು ಸಾಕುತ್ತಿದ್ದ ಈ ಹುಡುಗಿಯ ಕೆಲಸ ಹೋಗುವುದಿತ್ತು. ನಮಗೆ ಇಷ್ಟು ಗೊತ್ತಿತ್ತು. ಗಂಟೆ ಆಗಲೇ ಒಂದೂವರೆ.

ಹಲ್ಲಿಯಮ್ಮ ಎಂಬುದು ಈ ಹುಡುಗಿಗೆ ಪ್ರಾಣಿಮನೆಯವರು ಗೇಲಿಗೆ ಇಟ್ಟ ಹೆಸರು. ಅವಳಿಗೆ ಅದರ ಮೇಲೆ ಸಿಟ್ಟೇ ಇಲ್ಲ. ಎಷ್ಟೋ ಜನರಿಗೆ ಡಾಕ್ಟರ್ ಅನ್ನಿಸಿಕೊಂಡಾಗ ಬರುವಷ್ಟು ಬಿಗುಮಾನ ಇವಳಿಗೆ ಹಲ್ಲಿಯಮ್ಮ ಅನ್ನಿಸಿಕೊಂಡಾಗ ಬರುತ್ತದೆ.

"ಕಣ್ಣು ನೋಡಿ ಮೇಡಂ. ಪಾಪೆ ಉದ್ದಕ್ಕೆ ಸೀಳಿದ ಹಾಗಿದೆ ಅಲ್ವಾ? ಇದು ಕತ್ತಲಲ್ಲಿ ಓಡಾಡೋ ಜೀವ. ನಮ್ಮದಕ್ಕೆ ಪಾಪೆ ದುಂಡಗೆ, ನಿಮ್ಮ ಹಾಗೆ, ನನ್ನ ಹಾಗೆ. ಬೆಳಿಗ್ಗೆ ಎದ್ದು ಬಿಸಿಲು ಕಾಯಿಸಿಕೊಂಡು, ಒಣಗಿದ ಎಲೆ ನಡುವೆ ಗೆದ್ದಲು ಹೆಕ್ಕಿಕೊಂಡು, ಸಂಜೆಯಾದ ಕೂಡಲೇ ಕಲ್ಲಿನಡಿ ಮಲಗಿಬಿಡುತ್ತೆ. ಮರ್ಯಾದಸ್ಥ ಹಲ್ಲಿ. ಹೆಬ್ಬೆರಳಿನಷ್ಟು ಇರುತ್ತೆ ಅಷ್ಟೇ. ರೆಪ್ಪೆ ಇಲ್ಲ, ಅದಕ್ಕೇ ನಾಲಿಗೇಲಿ ಕಣ್ಣು ಒರೆಸಿಕೊಳ್ಳುತ್ತೆ."

ಇದನ್ನೆಲ್ಲ ಹೇಳುವಾಗ ಅವಳ ಮುಖ ನೋಡಬೇಕಿತ್ತು. ನಿನ್ನೆ ಬೆಳಿಗ್ಗೆ ಅವಳು ಅಳುತ್ತಾ ನನ್ನ ಕಚೇರಿಗೆ ಬಂದಾಗ ಹಲ್ಲಿ ಹುಡುಕುವ ಕೆಲಸ ನನ್ನದಲ್ಲ ಎಂದು ಹೇಳಲು ಬಾಯಿ ತೆರೆದಿದ್ದೆ. ಹತ್ತು ನಿಮಿಷ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡೆ. ಇಷ್ಟು ಪ್ರೀತಿಯಿಂದ ತನ್ನ ಕೆಲಸದ ಬಗ್ಗೆ ಮಾತಾಡುವವರನ್ನು ನೋಡಿ ಬಹಳ ದಿನವಾಗಿತ್ತು.

"ಏಳು, ಸೀರೆಯೆಲ್ಲ ಧೂಳು," ಎಂದರು ಅತ್ತೆ.

ಅತ್ತೆ ಎಂದರೆ ನನ್ನ ಗಂಡನ ತಾಯಿ. ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ, ನಿವೃತ್ತರಾದ ಮಾರನೇ ದಿನವೇ ನನ್ನ ಕಚೇರಿಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಇನ್ನೂ ಎದ್ದಿಲ್ಲ. ಈಗ ಅವರು ಮೂಲೆಯ ಸ್ಟೂಲಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು. ಎದುರಿನ ಪಂಜರದಲ್ಲಿದ್ದ ಗೂಬೆ ಅವರನ್ನೇ ದಿಟ್ಟಿಸುತ್ತಿತ್ತು, ಅವರೂ ಅದನ್ನು ಬಿಟ್ಟಿರಲಿಲ್ಲ.

ಗೂಬೆ ಯಾಕೆಂದರೆ, ನಾವಿದ್ದದ್ದು ರಾತ್ರಿ ಪ್ರಾಣಿಗಳ ಕೋಣೆಯಲ್ಲಿ. ಹಗಲಿಡೀ ಇಲ್ಲಿ ಕತ್ತಲೆ, ಮೇಲೊಂದು ಮಂದ ಕೆಂಪು ದೀಪ. ನೋಡಲು ಬಂದವರಿಗೆ ಪ್ರಾಣಿಗಳು ಎಚ್ಚರವಾಗಿ ಕಾಣಲಿ ಎಂಬ ಏರ್ಪಾಡು.

"ಅಲ್ಲಮ್ಮಾ, ಹಗಲಿನ ಹಲ್ಲಿಗೆ ಈ ಕತ್ತಲೆ ಕೋಣೇಲಿ ಏನು ಕೆಲಸ?" ಎಂದು ಕೇಳಿದೆ.

"ಅದನ್ನೇ ನಾನೂ ಕೇಳ್ತಿದ್ದೀನಿ. ಸೋಮವಾರ ಸಂಜೆ ನಾನು ಬೀಗ ಹಾಕಿ ಹೋದಾಗ ಪೆಟ್ಟಿಗೆ ಪೂರ್ವದ ಕಿಟಕಿ ಹತ್ರ ಇತ್ತು. ಅಕ್ಕನ ಹೆರಿಗೆ ಅಂತ ಎರಡು ದಿನ ರಜೆ ಹಾಕಿದ್ದೆ. ಗುರುವಾರ ಬಂದು ನೋಡಿದರೆ ಪೆಟ್ಟಿಗೆ ಇಲ್ಲಿ, ಒಳಗೆ ಇವು."

ಬಾಗಿಲ ಪರದೆ ಸರಿಯಿತು. ಕಡತ ಎದೆಗೊತ್ತಿಕೊಂಡು ನಿರ್ದೇಶಕರು ಬಂದರು. ಸದಾ ಅವಸರದಲ್ಲಿರುವ ಮನುಷ್ಯ, ಎಲ್ಲಿಗೆ ಎಂದು ಮಾತ್ರ ಯಾರಿಗೂ ತಿಳಿಯದು.

"ಇನ್ನೂ ಹುಡುಕ್ತಾ ಇದ್ದೀರಾ? ಪುಸ್ತಕದಲ್ಲಿ ನಾಲ್ಕು ಹಲ್ಲಿ. ಎರಡು ಗಂಡು, ಎರಡು ಹೆಣ್ಣು. ಪೆಟ್ಟಿಗೇಲಿ ನಾಲ್ಕು ಹಲ್ಲಿ. ನನಗೆ ಸರಿಹೋಯ್ತು."

"ಸರ್, ಇವು ನಿಮ್ಮ ಕೋಣೆಯ ಟ್ಯೂಬ್‌ಲೈಟ್ ಹಿಂದೆ ಇರ್ತಾವಲ್ಲ, ಅವು," ಎಂದಳು ಹಲ್ಲಿಯಮ್ಮ.

"ಹಾಗಾದ್ರೆ ಕಳುವಾಗಿವೆ. ಕಳುವಾಗಿದ್ದರೆ ಬೀಗದ ಕೈ ಇದ್ದದ್ದು ನಿನ್ನ ಹತ್ರ. ಕಳುವಾಗಿಲ್ಲ ಅಂದ್ರೆ ಸುಮ್ಮನೆ ಊರೆಲ್ಲ ಗುಲ್ಲೆಬ್ಬಿಸಿದ್ದೀಯ. ಎರಡರಲ್ಲಿ ಯಾವುದು ಅಂತ ನೀನೇ ಆರಿಸಿಕೋ, ನಾಲ್ಕು ಗಂಟೆಗೆ ಅದನ್ನೇ ಬರೆದು ಸಹಿ ಮಾಡ್ತೀನಿ."

"ಪೆಟ್ಟಿಗೇನ ಇಲ್ಲಿಗೆ ತಂದವರು ಯಾರು?" ಎಂದು ನಾನು ನಡುವೆ ಬಾಯಿ ಹಾಕಿದೆ.

"ನಾನೇ ತರಿಸಿದ್ದು. ಮಂಗಳವಾರ. ಹಲ್ಲಿ ಅಂದ ಮೇಲೆ ರಾತ್ರಿ ಪ್ರಾಣಿ ತಾನೇ? ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ."

ಹಲ್ಲಿಯಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು. ನಿರ್ದೇಶಕರು ಅದನ್ನು ಮೆಚ್ಚುಗೆ ಎಂದುಕೊಂಡರೋ ಏನೋ, ತಲೆಯಾಡಿಸಿ ಹೊರಟುಹೋದರು.

ಅವಳು ಗೋಡೆಗೆ ಒರಗಿ ಕೂತುಬಿಟ್ಟಳು. "ನಾಲ್ಕು ತಿಂಗಳಿಂದ ಒಂದೊಂದು ಗೆದ್ದಲೂ ನಾನೇ ಹಿಡಿದು ತಂದಿದ್ದೀನಿ ಮೇಡಂ. ನಮ್ಮ ಹಲ್ಲಿ ಇದ್ದ ಗುಡ್ಡದಲ್ಲಿ ಕಲ್ಲು ಒಡೆಯೋಕೆ ಶುರುಮಾಡಿದ ಮೇಲೆ ಅವು ಬೇರೆಲ್ಲೂ ಸಿಕ್ಕಿಲ್ಲ. ಕೆಲಸ ಹೋದರೆ ಹೋಗಲಿ ಅನ್ನೋಣ ಅಂದ್ರೆ, ಮಾರನೇ ದಿನ ಅವನ್ನ ನೋಡಿಕೊಳ್ಳೋರು ಯಾರು?"

ಅತ್ತೆ ಎದ್ದು ಬಂದು ಅವಳ ಕೈಗೆ ಅರ್ಧ ಕಿತ್ತಳೆ ಇಟ್ಟರು. "ತಿನ್ನು. ಹೊಟ್ಟೆಗಿಲ್ಲದೆ ಅತ್ತರೆ ತಲೆನೋವು ಬರುತ್ತೆ."

ನಾನು ಪೆಟ್ಟಿಗೆಯ ಹಿಂಬದಿಗೆ ಹೋದೆ. ಬೀಗ ಮುಂದಿತ್ತು, ಒಂದು ಗೀರೂ ಬಿದ್ದಿರಲಿಲ್ಲ. ಹಿಂದಿನ ಗಾಜನ್ನು ಮರದ ಚೌಕಟ್ಟಿಗೆ ಪುಟ್ಟಿ ಮೆತ್ತಿ ಕೂರಿಸಿದ್ದರು. ಮೂರು ಅಂಚಿನ ಮೆತ್ತು ಕಲ್ಲಿನಂತೆ ಗಟ್ಟಿ. ನಾಲ್ಕನೆಯ ಅಂಚಿನಲ್ಲಿ ನನ್ನ ಉಗುರು ಸಲೀಸಾಗಿ ಇಳಿಯಿತು. ಮೂಸಿ ನೋಡಿದೆ, ಅಗಸೆ ಎಣ್ಣೆಯ ಹಸಿ ವಾಸನೆ. ಎರಡು ಮೂರು ದಿನದ ಕೆಲಸ. ಮೂಲೆಯಲ್ಲಿ ಒತ್ತಿದ ಹೆಬ್ಬೆರಳಿನ ಅಚ್ಚು, ಅದರ ನಡುವೆ ಅಡ್ಡಕ್ಕೆ ಒಂದು ಹಳೆಯ ಗಾಯದ ಗೆರೆ.

"ಈ ಬೆರಳು ಯಾರದು?"

ಹಲ್ಲಿಯಮ್ಮ ಬಂದು ನೋಡಿದಳು. ನೋಡಿದವಳೇ ಮುಖ ಆಚೆ ತಿರುಗಿಸಿದಳು.

"ಗಾಜಿನ ತಾತನದು," ಎಂದಳು ಸಣ್ಣ ದನಿಯಲ್ಲಿ. "ಈ ಪೆಟ್ಟಿಗೆ ಮಾಡಿದ್ದೇ ಅವರು. ಆದರೆ ತಾತ ಅಂಥವರಲ್ಲ ಮೇಡಂ. ಬಂದಾಗಲೆಲ್ಲ ಪೆಟ್ಟಿಗೆ ಮುಂದೆ ಕೂತು ಮೊಮ್ಮಕ್ಕಳನ್ನ ನೋಡಿದ ಹಾಗೆ ನೋಡ್ತಾರೆ."

ನಾನು ನೋಟ್‌ಬುಕ್ ತೆರೆದೆ. ಪೆಟ್ಟಿಗೆಯ ಹತ್ತಿರ ಬರುವವರ ಪಟ್ಟಿ ಮಾಡಿಕೊಂಡು ನಿನ್ನೆಯೇ ಅವರಿಗೂ ಫೋನ್ ಮಾಡಿದ್ದೆ. ಪಟ್ಟಿಯಲ್ಲಿ ಗಾಜಿನ ತಾತ ಎಂಬುದರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ನಾನೇ ಬರೆದಿದ್ದೆ: ಬುಧವಾರ ಬೆಳಿಗ್ಗೆ ಪೂರ್ತಿ ದಂತವೈದ್ಯರಲ್ಲಿ.

"ಬುಧವಾರ ಇವರು ಊರಿನ ಇನ್ನೊಂದು ಕೊನೇಲಿ ಇದ್ದರು. ಹಲ್ಲು ತೋರಿಸೋಕೆ," ಎಂದೆ.

"ಬೆರಳು ಇಲ್ಲಿದೆ, ಹಲ್ಲು ಅಲ್ಲಿದೆ," ಎಂದರು ಅತ್ತೆ. "ನಡಿ, ಮನುಷ್ಯ ಎಲ್ಲಿದ್ದಾನೆ ನೋಡೋಣ."

ಹಲ್ಲಿಯಮ್ಮನನ್ನು ಅಲ್ಲೇ ಇರಲು ಹೇಳಿ ಹೊರಟೆವು.

ಗಾಜಿನ ತಾತನ ಮನೆ ಪ್ರಾಣಿಮನೆಯ ಹಿಂದಿನ ಎರಡನೇ ಬೀದಿ. ನಡೆದರೆ ಕಾಲು ಗಂಟೆ, ಅತ್ತೆ ಜೊತೆಗಿದ್ದರೆ ಅರ್ಧ ಗಂಟೆ, ಏಕೆಂದರೆ ದಾರಿಯ ಪ್ರತಿ ಅಂಗಡಿಯ ಬೋರ್ಡಿನಲ್ಲೂ ಅವರಿಗೆ ಒಂದು ಕಾಗುಣಿತದ ತಪ್ಪು ಸಿಗುತ್ತದೆ.

ಬಾಗಿಲು ತೆರೆದದ್ದು ತಾತನ ಹೆಂಡತಿ. ಗುಂಡಗೆ, ಬೆಳ್ಳಗೆ, ನಗುಮುಖದ ಅಜ್ಜಿ. ಯಾರು, ಏಕೆ ಎಂದು ಕೇಳುವ ಮೊದಲೇ ಅಡುಗೆಮನೆಗೆ ಕರೆದೊಯ್ದು ಕೂರಿಸಿ ಚಹಾಕ್ಕೆ ನೀರಿಟ್ಟರು. ಅಂಥ ಮನೆಗಳಲ್ಲಿ ವಿಚಾರಣೆ ಮಾಡುವುದು ಬಲು ಕಷ್ಟ.

"ಅವರು ಹಿಂದೆ ಶೆಡ್ಡಲ್ಲಿ ಗಾಜು ಕುಯ್ತಿದ್ದಾರೆ. ಕುಯ್ಯೋವಾಗ ಕರೆದರೆ ಬೈತಾರೆ. ಚಹಾ ಕುಡಿಯೋಷ್ಟರಲ್ಲಿ ಮುಗಿಯುತ್ತೆ," ಎಂದರು ಅಜ್ಜಿ.

"ನೀವು ಹೋಗಲ್ವಾ ಶೆಡ್ಡಿಗೆ?"

"ಕಾಲಿಡೋಕೆ ಬಿಡಲ್ಲ ನನ್ನ. ಚೂರು ಚುಚ್ಚುತ್ತಂತೆ. ನಲವತ್ತಾರು ವರ್ಷದಿಂದ ಅದೇ ಮಾತು," ಎಂದು ಅವರು ಹೇಳಿದ ರೀತಿಯಲ್ಲಿ ದೂರು ಇರಲಿಲ್ಲ.

ಒಲೆಯ ಪಕ್ಕದ ಗೋಡೆಯಲ್ಲಿ ಕ್ಯಾಲೆಂಡರ್. ಗ್ಯಾಸ್ ಬಂದ ದಿನ, ಮಗಳ ಫೋನ್ ಬಂದ ದಿನ ಎಲ್ಲ ಅಜ್ಜಿಯ ದುಂಡು ಅಕ್ಷರದಲ್ಲಿ. ಪ್ರತಿ ಬುಧವಾರದ ಮನೆಯಲ್ಲಿ ಮಾತ್ರ ಬಡಗಿ ಪೆನ್ಸಿಲಿನ ದಪ್ಪ ಗೀಚು. ಒಂದೇ ಪದ: ಹಲ್ಲಿಗೆ. ಹಿಂದಿನ ಹಾಳೆ ಎತ್ತಿ ನೋಡಿದೆ. ಅಲ್ಲೂ ಬುಧವಾರಗಳೆಲ್ಲ ಹಲ್ಲಿಗೆ, ಹಲ್ಲಿಗೆ. ನಾಲ್ಕು ತಿಂಗಳು ಹಾಗೇ ಇತ್ತು.

"ಪಾಪ, ಹೊಸ ಹಲ್ಲಿನ ಸೆಟ್ಟು ಸರಿಯಾಗಿ ಕೂತಿಲ್ಲ. ವಾರ ವಾರ ಹೋಗಿ ತೋರಿಸಿಕೊಂಡು ಬರ್ತಾರೆ," ಎಂದರು ಅಜ್ಜಿ.

"ಈ ಬುಧವಾರ?"

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು. "ಈ ಬುಧವಾರದ್ದು ಕೇಳಬೇಡಿ! ಬೆಳಿಗ್ಗೆ ಅದೇನು ಗಡಿಬಿಡಿ! ಇವರು ಆ ಕಡೆ ಹೋದರು, ನಾನು ಈ ಕಡೆ ನೋಡ್ತೀನಿ, ಲೋಟದಲ್ಲಿ ಸೆಟ್ಟು ಹಾಗೇ ನೀರಲ್ಲಿ ಕೂತಿದೆ. ಹಲ್ಲಿಗೆ ಹೋದೋರು ಹಲ್ಲೇ ಮನೇಲಿ ಬಿಟ್ಟು ಹೋಗಿದ್ದಾರೆ! ಬಂದ ಮೇಲೆ ಕೇಳಿದರೆ ಮುಖ ಸಣ್ಣಗೆ ಮಾಡಿಕೊಂಡರು. ಹೋಗಲಿ ಬಿಡು ಅಂತ ಸುಮ್ಮನಾದೆ."

ನಾನೂ ನಕ್ಕೆ. ಅತ್ತೆ ನಗಲಿಲ್ಲ. ಬಿಸ್ಕತ್ತು ಅವರ ಚಹಾದೊಳಗೆ ಮುರಿದು ಬಿತ್ತು, ಅದರ ಕಡೆ ಗಮನವೇ ಇರಲಿಲ್ಲ.

"ಹಲ್ಲು ಅನ್ನೋ ಪದಕ್ಕೆ ಚತುರ್ಥಿ ವಿಭಕ್ತಿ ಹಚ್ಚು," ಎಂದರು ನನಗೆ.

"ಅತ್ತೆ, ಈಗ ಇದೆಲ್ಲ..."

"ಹಚ್ಚು ಅಂದೆ."

"ಹಲ್ಲಿಗೆ."

"ಹಲ್ಲಿ ಅನ್ನೋ ಪದಕ್ಕೆ?"

"ಹಲ್ಲಿಗೆ," ಎಂದೆ. ಎಂದವಳು ಲೋಟ ಕೆಳಗಿಟ್ಟೆ.

ನಿನ್ನೆಯ ಫೋನು ನೆನಪಾಯಿತು. ಬುಧವಾರ ಎಲ್ಲಿದ್ರಿ ತಾತ ಎಂದು ಕೇಳಿದಾಗ, ಹಲ್ಲಿಗೆ ಹೋಗಿದ್ದೆನಮ್ಮ ಎಂದಿದ್ದರು. ದಂತವೈದ್ಯರು ಎಂಬ ಪದ ಅವರ ಬಾಯಿಂದ ಬಂದದ್ದಲ್ಲ, ನನ್ನ ಪೆನ್ನಿನಿಂದ ಬಂದದ್ದು. ಇಪ್ಪತ್ತೆರಡು ವರ್ಷದ ಅನುಭವ, ಮೇಲೆ ಬೋರ್ಡು ಬೇರೆ ಹಾಕಿಕೊಂಡಿದ್ದೇನೆ.

"ಏನದು, ಹಲ್ಲಿ ಗಿಲ್ಲಿ ಅಂತಿದ್ದೀರಿ?" ಅಜ್ಜಿಯ ನಗು ನಿಂತಿತ್ತು. ತೋಳು ಚಾಚಿ ತೋರಿಸಿದರು. "ನೋಡಿ, ಹೆಸರು ಕೇಳಿದ್ದಕ್ಕೇ ರೋಮ ನಿಂತಿದೆ. ಮದುವೆಯಾದ ಹೊಸದರಲ್ಲಿ ಒಂದು ನನ್ನ ಜಡೆಯೊಳಗೆ ಬಿದ್ದಿತ್ತು. ಈ ಮನೇಲಿ ಹಲ್ಲಿ ಅನ್ನೋ ಮಾತೇ ಎತ್ತಲ್ಲ ಅಂತ ಅವತ್ತೇ ಮಾತು ಕೊಟ್ಟಿದ್ದಾರೆ ಇವರು."

ಆ ಅಜ್ಜಿಯ ಮೇಲೆ ನನಗೆ ಒಮ್ಮೆಲೇ ಬಹಳ ಪ್ರೀತಿ ಬಂತು. ನಾವಿಬ್ಬರೂ ಒಂದೇ ಪಕ್ಷದವರು. ಅದಕ್ಕೇ ಹಿತ್ತಲ ಬಾಗಿಲು ದಾಟುವಾಗ ಅವರನ್ನು ಅಲ್ಲೇ ಇರಿ ಎಂದು ಕೂರಿಸಿದೆ.

ಶೆಡ್ಡಿನ ತುಂಬ ಬೆಳಕು. ಗೋಡೆಗೆ ಒರಗಿಸಿದ ಗಾಜಿನ ಹಲಗೆಗಳು, ಮೇಜಿನ ಮೇಲೆ ಹಸಿರು ಬಟ್ಟೆ, ಅದರ ಮೇಲೆ ಮಲಗಿಸಿದ ದೊಡ್ಡ ಗಾಜು. ಬಡಕಲು ಉದ್ದ ದೇಹ ಬಾಗಿಸಿಕೊಂಡು ತಾತ ಅದರ ಮೇಲೆ ಗೀರು ಎಳೆಯುತ್ತಿದ್ದರು. ನಮ್ಮನ್ನು ಕಂಡರೂ ತಲೆ ಎತ್ತಲಿಲ್ಲ.

"ಒಂದು ನಿಮಿಷ. ಗೀರು ಅರ್ಧಕ್ಕೆ ನಿಲ್ಲಿಸಿದ್ರೆ ಗಾಜು ತನಗೆ ಬೇಕಾದ ಕಡೆ ಒಡೆಯುತ್ತೆ."

ಕಾದೆವು. ಗೀರು ಅಂಚು ಮುಟ್ಟಿತು. ಅವರು ಗಾಜಿನ ಕೆಳಗೊಂದು ಕಡ್ಡಿ ಇಟ್ಟು ಎರಡೂ ಕೈಯಿಂದ ಒತ್ತಿದರು. ಟಕ್ ಎಂದು ಗಾಜು ನೇರವಾಗಿ ಎರಡಾಯಿತು. ಒತ್ತಿದ ಬಲಗೈ ಹೆಬ್ಬೆರಳಿನಲ್ಲಿ ಅಡ್ಡ ಗಾಯದ ಗೆರೆ ಇತ್ತು.

"ತಾತ, ಬುಧವಾರ ಹಲ್ಲಿಗೆ ಹೋಗಿದ್ದೆ ಅಂದ್ರಲ್ಲ," ಎಂದೆ. "ಯಾವ ಹಲ್ಲಿಗೆ?"

ತಾತ ಕೈ ಒರೆಸಿಕೊಂಡರು. ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು, ಹಿತ್ತಲ ಬಾಗಿಲ ಕಡೆ ನೋಡಿದರು.

"ಅವಳಿಗೆ ಗೊತ್ತಾಯ್ತಾ?"

"ಇನ್ನೂ ಇಲ್ಲ."

"ನಾನು ಸುಳ್ಳು ಬರೆದಿಲ್ಲ ಕಣಮ್ಮ. ಅವಳು ಹಾಗೆ ಓದಿಕೊಂಡಳು. ನೀವೂ ಅಷ್ಟೇ. ನೋವಿದೆಯಾ ಅಂತ ಕೇಳಿದ್ರಿ, ಸ್ವಲ್ಪ ಇದೆ ಅಂದೆ. ನಿಜವಾಗಿಯೂ ನೋವಾಗಿತ್ತು."

ಕಿಟಕಿಯ ಕೆಳಗೆ ಗೋಣಿಚೀಲವೊಂದು ಹರಡಿತ್ತು. "ಗಾಜಿನ ಚೂರು ಸಿಡಿದೀತು ಅಂತ ಮುಚ್ಚಿದ್ದೆ," ಎಂದು ಅವರು ಅದನ್ನು ಮೆಲ್ಲಗೆ ಎತ್ತಿದರು. ನಾಲ್ಕು ಕಡೆ ಮೊಣಕಾಲೆತ್ತರದ ಗಾಜು ನಿಲ್ಲಿಸಿ ಮಾಡಿದ ಕಟ್ಟೆ, ಮೇಲೆ ಮುಚ್ಚಳವಿಲ್ಲ. ಒಳಗೆ ಒಣ ಎಲೆ, ಚಪ್ಪಟೆ ಕಲ್ಲುಗಳು, ಒಂದು ಬಾಟಲಿ ಮುಚ್ಚಳದಲ್ಲಿ ನೀರು. ಬಿಸಿಲು ಬಿದ್ದ ಕೂಡಲೇ ಒಂದು ಎಲೆ ಓಡಿತು. ಎಲೆಯಲ್ಲ, ನೆಲಹಲ್ಲಿ. ಓಡಿ, ನಿಂತು, ಕತ್ತು ಎತ್ತಿ ನಮ್ಮನ್ನು ನೋಡಿತು. ಗಂಟಲು ಹಳದಿ, ಕಣ್ಣು ದುಂಡಗೆ. ನಾಲಿಗೆ ಚಾಚಿ ಎಡಗಣ್ಣು ಒರೆಸಿಕೊಂಡಿತು.

ನಾನು ಹಿಂದೆ ಸರಿಯಲಿಲ್ಲ. ಇದನ್ನು ಬರೆದಿಡುತ್ತಿದ್ದೇನೆ, ಯಾಕೆಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ.

ಅಷ್ಟು ಹೊತ್ತಿಗೆ ಅತ್ತೆ ಫೋನ್ ಕಿವಿಗಿಟ್ಟಾಗಿತ್ತು. "ಸಿಕ್ಕಿದಾವೆ ಕಣಮ್ಮ. ಗಾಜಿನ ತಾತನ ಶೆಡ್ಡಿಗೆ ಬಾ. ಓಡಿ ಬಾ," ಎಂದಷ್ಟೇ ಹೇಳಿ ಇಟ್ಟರು. ಗಂಟೆ ಮೂರು ಐದು.

"ಯಾಕೆ ತಂದಿರಿ ತಾತ?"

ಅವರು ಮಗುಚಿಟ್ಟ ಡಬ್ಬದ ಮೇಲೆ ಕೂತರು.

"ಪೆಟ್ಟಿಗೆ ಮಾಡಿಕೊಟ್ಟ ದಿನ ಆ ಹುಡುಗಿ ಇವನ್ನ ತೋರಿಸಿದಳು. ಅವತ್ತಿಂದ ಬುಧವಾರ ಬಂದ್ರೆ ಕಾಲು ನಿಲ್ಲಲ್ಲ. ಹೋಗಿ ಎರಡು ಗಂಟೆ ಕೂತು ಬರೋದು. ಹೆಂಡತಿಗೆ ಹೇಳೋ ಹಾಗಿಲ್ಲ, ಹೇಳದೆ ಹೋಗೋಕೆ ಮನಸ್ಸಿಲ್ಲ. ಅದಕ್ಕೇ ಬರೆದಿಟ್ಟೆ."

"ಈ ಬುಧವಾರ?"

"ಕಿಟಕಿ ಹತ್ರ ಪೆಟ್ಟಿಗೆ ಇಲ್ಲ. ಹುಡುಕಿಕೊಂಡು ಹೋದರೆ ಆ ಕತ್ತಲೆ ಕೋಣೇಲಿ ಇಟ್ಟಿದ್ದಾರೆ. ಹೊಟ್ಟೆ ನೆಲಕ್ಕೆ ಹಚ್ಚಿ ಬಿದ್ದಿದ್ದವು, ಅಲ್ಲಾಡ್ತಿರಲಿಲ್ಲ. ಹಗಲಾಗಲಿ ಅಂತ ಕಾಯ್ತಾ ಇದ್ದ ಹಾಗಿತ್ತಮ್ಮ. ಹುಡುಗಿ ರಜೆ ಅಂದರು. ನಿರ್ದೇಶಕರ ಹತ್ರ ಹೋದೆ. ನೀವು ಗಾಜಿನ ವಿಷಯ ಮಾತ್ರ ನೋಡಿಕೊಳ್ಳಿ ಅಂದರು." ತಾತ ಗಾಯದ ಹೆಬ್ಬೆರಳು ಎತ್ತಿ ತೋರಿಸಿದರು. "ಸರಿ, ಗಾಜಿನ ವಿಷಯವೇ ನೋಡಿಕೊಂಡೆ. ಗಾಜು ಕೂರಿಸಿದವನಿಗೆ ಗಾಜು ಬಿಚ್ಚೋಕೆ ಬೀಗದ ಕೈ ಯಾಕೆ?"

ನನಗೆ ಆ ಮುದುಕರನ್ನು ಬೈಯಬೇಕಿತ್ತು. ಬದಲಿಗೆ ಕಟ್ಟೆಯೊಳಗಿನ ಬಾಟಲಿ ಮುಚ್ಚಳದ ನೀರು ನೋಡುತ್ತ ನಿಂತೆ.

"ನಿಮ್ಮಿಂದ ಆ ಹುಡುಗಿ ಕೆಲಸ ಹೋಗ್ತಿದೆ, ಗೊತ್ತಾ?" ಎಂದು ಅತ್ತೆಯೇ ಕೇಳಿದರು.

ತಾತ ಡಬ್ಬದಿಂದ ಎದ್ದೇಬಿಟ್ಟರು. "ಅವಳದ್ದಾ? ಅವಳು ಊರಲ್ಲೇ ಇರಲಿಲ್ಲವಲ್ಲ! ಯಾವಾಗ?"

"ನಾಲ್ಕು ಗಂಟೆಗೆ ಸಹಿ."

"ನನ್ನ ಚಪ್ಪಲಿ ಎಲ್ಲಿ?" ಮೇಜಿನ ಕೆಳಗೆ ಬಗ್ಗಿ ತಡಕಾಡತೊಡಗಿದರು. "ನಾನೇ ಕದ್ದೆ ಅಂತ ಬರೆದುಕೊಡ್ತೀನಿ. ಬೇಕಿದ್ರೆ ಹೆಬ್ಬೆಟ್ಟೂ ಒತ್ತುತ್ತೀನಿ. ನಡೀರಿ."

ಮುಗಿಯಿತು ಎಂದುಕೊಂಡೆ. ಇಷ್ಟು ಸುಲಭವಾಗಿ, ಇಷ್ಟು ಚೆನ್ನಾಗಿ ಯಾವ ಪ್ರಕರಣವೂ ಮುಗಿದಿರಲಿಲ್ಲ. ಸಂತೋಷದಲ್ಲಿ ಕಟ್ಟೆಯ ಮೇಲೆ ಬಗ್ಗಿ ಎಣಿಸಿದೆ. ಬಿಸಿಲಲ್ಲಿ ಒಂದು. ನೀರಿನ ಹತ್ತಿರ ಇನ್ನೊಂದು. ಕಲ್ಲಿನಡಿಯಿಂದ ಹೊರಚಾಚಿದ ಬಾಲ ಮೂರನೆಯದ್ದು. ಇನ್ನೊಮ್ಮೆ ಎಣಿಸಿದೆ.

"ನಾಲ್ಕನೇದು ಎಲ್ಲಿ ತಾತ?"

ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಅವರು ತಿರುಗಿದರು.

"ನಾನು ತಂದದ್ದು ಮೂರೇ."

"ಪೆಟ್ಟಿಗೇಲಿ ಈಗ ನಾಲ್ಕು ಮನೆಹಲ್ಲಿ ಇದಾವೆ."

"ನಾನು ಬಿಟ್ಟಿದ್ದು ಮೂರು. ಗಾಜು ಬಿಚ್ಚಿದಾಗ ಒಳಗೆ ಇದ್ದದ್ದೇ ಮೂರು ನೆಲಹಲ್ಲಿ, ಒಂದು ಮನೆಹಲ್ಲಿ. ಆ ಮನೆಹಲ್ಲಿ ನೋಡಿಯೇ ನನಗೆ ಈ ಬುದ್ಧಿ ಬಂದಿದ್ದು. ಇಲ್ಲದಿದ್ರೆ ಇಂಥ ಉಪಾಯ ನನ್ನ ತಲೆಗೆ ಎಲ್ಲಿ ಹೊಳೆಯುತ್ತೆ?"

ನಾನು ಮೂರನೇ ಸಲ ಎಣಿಸಿದೆ.

"ಇಲ್ಲದೆ ಇದ್ದದ್ದು ಯಾವುದು?" ಎಂದು ಕೇಳಿದರು ಅತ್ತೆ.

"ಬಸುರಿ," ಎಂದರು ತಾತ. "ಎರಡು ಮೊಟ್ಟೆ ಇತ್ತಲ್ಲ, ಅವಳು. ಹೊಟ್ಟೆಯ ತೆಳು ಚರ್ಮದೊಳಗಿಂದ ಬೆಳ್ಳಗೆ ಕಾಣೋದು. ಹುಡುಗಿಯೇ ಎಲ್ಲೋ ಬೇರೆ ಇಟ್ಟಿರಬೇಕು ಅಂದುಕೊಂಡೆ ನಾನು. ಅವಳು ನಿಮಗೆ ಹೇಳಿಲ್ವಾ?"

ಹೇಳಿರಲಿಲ್ಲ. ನಾಲ್ಕು ಗಂಟೆಗೆ ಇನ್ನು ಮುಕ್ಕಾಲು ಗಂಟೆ. ತಾತ ತಪ್ಪೊಪ್ಪಿಕೊಂಡರೂ ಒಂದು ಹಲ್ಲಿ ಕಡಿಮೆ. ಅದೂ ಮೊಟ್ಟೆ ಹೊತ್ತದ್ದು. ತಾತನಿಗಿಂತ ಮೊದಲು ಯಾರೋ ಪೆಟ್ಟಿಗೆ ತೆರೆದಿದ್ದಾರೆ, ಅದೂ ಬೀಗ ಮುಟ್ಟಿದ ಗುರುತಿಲ್ಲದೆ.

ಹೊರಗೆ ಓಡಿ ಬರುವ ಹೆಜ್ಜೆ ಕೇಳಿಸಿತು. ಹಲ್ಲಿಯಮ್ಮ ಬಾಗಿಲಲ್ಲಿ ನಿಂತಳು. ಉಸಿರು ಹತ್ತಿತ್ತು, ಕೂದಲೆಲ್ಲ ಕೆದರಿತ್ತು. ತಾತನನ್ನು ಕಂಡಳು, ಕಟ್ಟೆ ಕಂಡಳು. ಏನೂ ಕೇಳದೆ ಬಂದು ಮೊಣಕಾಲೂರಿ ಕೂತಳು.

"ಏ ಹಳದಿ," ಎಂದಳು ಮೊದಲನೆಯದಕ್ಕೆ. "ಕಳ್ಳ, ದಪ್ಪ ಆಗಿದ್ದೀಯ!" ಎಂದಳು ನೀರಿನ ಹತ್ತಿರದ್ದಕ್ಕೆ. ಆಮೇಲೆ ಚಪ್ಪಟೆ ಕಲ್ಲನ್ನು ಎರಡು ಬೆರಳಲ್ಲಿ ಎತ್ತಿ ಬಗ್ಗಿ ನೋಡಿ, ಅಷ್ಟೇ ಜೋಪಾನವಾಗಿ ಇಳಿಸಿದಳು. ಇನ್ನೂ ಆರೇಳು ಕಲ್ಲುಗಳಿದ್ದವು. ಅವನ್ನು ಮುಟ್ಟದೆ ಕೈಯ ಮಣ್ಣು ಕೊಡವಿಕೊಂಡಳು.

ಕಣ್ಣಲ್ಲಿ ನೀರು ತುಂಬಿಕೊಂಡು ನನ್ನತ್ತ ತಿರುಗಿ ನಕ್ಕಳು.

"ಮೂರೂ ಇದಾವೆ ಮೇಡಂ! ಮೂರೂ ಚೆನ್ನಾಗಿದಾವೆ!"

ನಾನೂ ನಗಬೇಕೆಂದಿದ್ದೆ. ನಗು ಅರ್ಧಕ್ಕೆ ನಿಂತಿತು. ನಾಲ್ಕು ಕಳೆದುಕೊಂಡವಳು ಮೂರೇ ಇದಾವಲ್ಲ ಎನ್ನಬೇಕಿತ್ತು. ಇವಳು ಮೂರೂ ಎಂದಳು. ಎಷ್ಟು ಸಿಕ್ಕಿವೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬೀಗದ ಕೈ ಇದ್ದದ್ದೂ ಅವಳ ಹತ್ತಿರವೇ.

ಅತ್ತೆಯ ಕೈ ಬಂದು ನನ್ನ ಮುಂಗೈ ಹಿಡಿಯಿತು. ಅವರಿಗೂ ಕೇಳಿಸಿತ್ತು.

"ಮಗಳೇ," ಎಂದೆ. ಆ ಪದ ತಾನಾಗಿ ಬಂತು, ನನಗೆ ಹೆಣ್ಣುಮಕ್ಕಳಿಲ್ಲ. "ನಾಲ್ಕನೇದು ಎಲ್ಲಿ?"

ಅವಳ ಮುಖದ ಬಣ್ಣ ಇಳಿಯಿತು. ತಾತನನ್ನು ನೋಡಿದಳು, ನೆಲ ನೋಡಿದಳು, ಕೊನೆಗೆ ನನ್ನ ಕಣ್ಣಲ್ಲಿ ಕಣ್ಣಿಟ್ಟಳು.

"ಅದೊಂದು ಕೇಳಬೇಡಿ ಮೇಡಂ," ಎಂದಳು. "ನೀವು ಕೇಳಿದರೆ ನಾನು ಸುಳ್ಳು ಹೇಳಬೇಕಾಗುತ್ತೆ. ಇದುವರೆಗೂ ನಿಮಗೆ ಒಂದೂ ಸುಳ್ಳು ಹೇಳಿಲ್ಲ."